ಬೀರೂರು ಸ್ಟೇಷನ್ನಿನಲ್ಲಿ ಸೆಮಿಕೋಲನ್

ಅದು 1986ನೇ ಇಸವಿ. ನಾನಾಗ ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದೆ. ಪ್ರಾಜೆಕ್ಟಿಗೆಂದು ಲಿಸ್ಪ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಪ್ರೋಗ್ರಾಂ ಬರೆದಿದ್ದೆ. ನಮ್ಮ ಗೈಡ್ ಬಲು ಶಿಸ್ತಿನವರು. ಪ್ರತಿ ಫಂಕ್ಷನ್ನಿನ, ಅಂದರೆ ಪ್ರೋಗ್ರಾಮಿನ ಪ್ರತಿ ತುಣುಕಿನ ಮೇಲೂ ಅದರ ಕೆಲಸವೇನೆಂಬ ವಿವರಣೆ ಇರಬೇಕು, ವಿವರಣೆಯ ಸಾಲುಗಳೆಲ್ಲ ಸೆಮಿಕೋಲನ್ನಿನಿಂದ ಶುರುವಾಗಿ ಒಂದೇ ನೇರಕ್ಕೆ ನಿಲ್ಲಬೇಕು ಎಂದಿದ್ದರು. ಸೆಮಿಕೋಲನ್ ಕಂಡರೆ ಕಂಪ್ಯೂಟರ್ ಆ ಸಾಲನ್ನು ಓದದೆ ಮುಂದೆ ಹೋಗುತ್ತದೆ. ಅದು ಮನುಷ್ಯರಿಗೆಂದು ಬರೆದದ್ದು.

ರಜೆಗೆ ತರೀಕೆರೆಯ ಮನೆಗೆ ಬಂದಾಗ ಅದನ್ನು ಟೈಪ್ ಮಾಡಿಕೊಡಲು ಅಲ್ಲಿನ ಟೈಪಿಂಗ್ ಮೇಷ್ಟ್ರಿಗೆ ಕೊಟ್ಟೆ. ಹೊರಡುವ ದಿನ ಹೋಗಿ ನೋಡಿದರೆ ಸೆಮಿಕೋಲನ್ನುಗಳೇ ಮಾಯ!

"ತಪ್ಪೆಲ್ಲ ತಿದ್ದಿದೀನಿ ಕಣಮ್ಮ. ಸಾಲಿನ ಮುಂದೆ ಯಾರಾದ್ರೂ ಸೆಮಿಕೋಲನ್ ಹಾಕ್ತಾರಾ?" ಎಂದರು ಮೇಷ್ಟ್ರು.

"ಅದು ಬೇಕೇ ಬೇಕು ಸಾರ್."

"ನಂಗೇ ಇಂಗ್ಲಿಷ್ ಹೇಳ್ಕೊಡ್ತೀಯಾ?"

ಜಗಳಕ್ಕೂ ಸಮಯವಿರಲಿಲ್ಲ. ಮರುದಿನ ಬೆಳಿಗ್ಗೆಯೇ ಒಪ್ಪಿಸಬೇಕು. ಹಲ್ಲು ಕಚ್ಚಿಕೊಂಡು ಹೊರಟೆ.

ಬೀರೂರಿನಲ್ಲಿ ರೈಲು ಬದಲಿಸಬೇಕಿತ್ತು. ಪ್ಲಾಟ್‌ಫಾರಂ ಬೆಂಚಿನ ಮೇಲೆ ಕೂತು ಪೆನ್ನಿನಿಂದ ಸೆಮಿಕೋಲನ್ ಹಾಕತೊಡಗಿದೆ. ಪಕ್ಕದಲ್ಲಿ ಅಜ್ಜಂಪುರದ ರೈಲಿಗೆ ಕಾಯುತ್ತಿದ್ದ ಅಜ್ಜಿಯೊಬ್ಬರು ನೋಡುತ್ತಲೇ ಇದ್ದರು.

"ಏನವ್ವ, ಅಳೋ ಹಂಗಿದೀಯ?"

ನನಗೂ ಯಾರಿಗಾದರೂ ಹೇಳಿಕೊಳ್ಳಬೇಕಿತ್ತು. ಎಲ್ಲ ಹೇಳಿದೆ.

"ಅಯ್ಯೋ, ಚುಕ್ಕಿ ಇಟ್ಟು ಬಾಲ ಎಳಿಯೋದು ತಾನೆ? ನಂಗೂ ಒಂದು ಪೆನ್ನು ಕೊಡು."

ಅರ್ಧ ಹಾಳೆಗಳನ್ನು ಕೊಟ್ಟು, ವಿವರಣೆಯ ಸಾಲು ಯಾವುದೆಂದು ಬೆರಳಿಟ್ಟು ತೋರಿಸಿ, ನನ್ನ ಪಾಲಿನದರಲ್ಲಿ ಮುಳುಗಿದೆ. ಅವರ ರೈಲು ಬಂತು. ಹಾಳೆಗಳನ್ನು ನನ್ನ ಮಡಿಲಿಗೆ ಹಾಕಿ, "ಒಂದು ಸಾಲೂ ಬಿಟ್ಟಿಲ್ಲ ಕಣವ್ವ!" ಎನ್ನುತ್ತಾ ಓಡಿದರು.

ನೋಡಿದೆ. ನಿಜವಾಗಿಯೂ ಬಿಟ್ಟಿರಲಿಲ್ಲ. ವಿವರಣೆಗಷ್ಟೇ ಅಲ್ಲ, ಪ್ರೋಗ್ರಾಮಿನ ಪ್ರತಿ ಸಾಲಿಗೂ ಸೆಮಿಕೋಲನ್ ಬಿದ್ದಿತ್ತು! ಓದಲು ಬಾರದ ಅವರಿಗೆ ಇಂಗ್ಲಿಷ್ ಅಕ್ಷರಗಳೆಲ್ಲ ಒಂದೇ. ಇಂಕು ಅಳಿಸುವಂತೆಯೂ ಇಲ್ಲ. ತಲೆ ಚಚ್ಚಿಕೊಂಡೆ.

ಮರುದಿನ ಬೆಳಿಗ್ಗೆ ಗೈಡ್ ಹಾಳೆ ತಿರುವಿದರು. "ಇದರಲ್ಲಿ ಅರ್ಧ ಪ್ರೋಗ್ರಾಮನ್ನು ಕಂಪ್ಯೂಟರ್ ಓದೋದೇ ಇಲ್ಲವಲ್ಲಮ್ಮ!" ಬಿಕ್ಕುತ್ತಾ ನಡೆದದ್ದನ್ನೆಲ್ಲ ಹೇಳಿದೆ. ಎಂದೂ ನಗದ ಆ ಮನುಷ್ಯ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕು, ಒಂದು ದಿನದ ಗಡುವು ಕೊಟ್ಟರು. ಕೈ ಬಿದ್ದುಹೋಗುವಂತೆ ಎಲ್ಲವನ್ನೂ ಮತ್ತೆ ಬರೆದುಕೊಟ್ಟೆ. ಪಾಸಾದೆ.

ಆ ಟೈಪಿಂಗ್ ಮೇಷ್ಟ್ರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಅಜ್ಜಿಯ ಮೇಲೂ ಸಿಟ್ಟು ಮಾಡಿಕೊಳ್ಳಲು ಎಷ್ಟೋ ಸಲ ನೋಡಿದ್ದೇನೆ, ಆಗಿಲ್ಲ. ಹೆಸರು ಕೂಡ ಗೊತ್ತಿಲ್ಲದ ಹುಡುಗಿಗಾಗಿ ಅವರು ತುಟಿ ಕಚ್ಚಿಕೊಂಡು, ಒಂದೊಂದು ಬಾಲವನ್ನೂ ಅದೆಷ್ಟು ಅಂದವಾಗಿ ಎಳೆದಿದ್ದರು!