ಹಲ್ಲಿಗೆ ಹುಳು ತಂದ ಅಕ್ಕ

ಕೊಳ್ಳೇಗಾಲದ ನಮ್ಮ ಮನೆಯ ಮೂಡಣ ಕಿಟಕಿಗೆ ಒತ್ತಿ ಗಾಜಿನ ಪೆಟ್ಟಿಗೆ ಇಟ್ಟಿದ್ದೆ. ಒಳಗೆ ನಾನು ಆಸೆಪಟ್ಟು ಸಾಕಿದ ಚುಕ್ಕೆ ಹಲ್ಲಿ. ಮುಚ್ಚಿದ ಕಿಟಕಿಯಿಂದ ದಿನಾ ಎಳೆಬಿಸಿಲು ಬೀಳುತ್ತದೆ, ಇನ್ನೇನು ಬೇಕು ಅಂತ ಬೀಗುತ್ತಿದ್ದೆ. ಪೆದ್ದ ನಾನು! ಹಲ್ಲಿಯ ಹಿಂಗಾಲು ನಡುಗತೊಡಗಿತು, ದವಡೆ ಮೆತ್ತಗಾಯಿತು.

ಮೈಸೂರಿನ ಪಶುವೈದ್ಯರು ನೋಡಿದರು. "ಗಾಜು ಬೆಳಕು ಬಿಡುತ್ತೆ, ಇದಕ್ಕೆ ಬೇಕಾದ ಅತಿನೇರಳೆ ಕಿರಣ ಬಿಡಲ್ಲ. ಅದಿಲ್ಲದೆ ಮೈಯಲ್ಲಿ ವಿಟಮಿನ್ ಡಿ ಆಗಲ್ಲ. ಡಿ ಇಲ್ಲದೆ ತಿಂದ ಕ್ಯಾಲ್ಸಿಯಂ ಮೂಳೆಗೆ ಸೇರಲ್ಲ." ಆ ಕಿರಣ ಸೂಸುವ ದೀಪ ಹಾಕಲು ಹೇಳಿದರು, ಡಿ ಬೆರೆಸಿದ ಕ್ಯಾಲ್ಸಿಯಂ ಪುಡಿ ಕೊಟ್ಟರು. "ಈ ವಾರ ತಾನಾಗಿ ತಿನ್ನದಿದ್ದರೆ ಉಳಿಯೋದು ಕಷ್ಟ."

ದೀಪ ಹಚ್ಚಿದೆ. ಪುಡಿ ಸವರಿದ ಮಿಡತೆ ಹಿಡಿದರೆ ಮುಖ ತಿರುಗಿಸಿತು. ನಾಲ್ಕು ದಿನ ಇದೇ ಹಾಡು. ಕೊನೆಗೆ ಬಂಡಳ್ಳಿಯಲ್ಲಿ ರೇಷ್ಮೆ ಬೆಳೆಯುವ ಅಕ್ಕನಿಗೆ ಫೋನ್ ಮಾಡಿದೆ. "ಒಂದಿಷ್ಟು ಎಳೆ ಹುಳ ತಕಂಡ್ ಬಾ ಅಕ್ಕ. ಪುಡಿ ಸವರಿ ತಿನ್ನಿಸ್ಬೇಕು."

"ಥೂ ನಿನ್ನ! ಹುಳದ ಮನೆಗೆ ಹಲ್ಲಿ ನುಗ್ಗುದ್ರೆ ಪೊರಕೆ ತಕಂಡು ಓಡುಸ್ತೀನಿ ನಾನು. ನಾನೇ ಕೈಯಾರ ಉಣ್ಸಬೇಕಾ?" ಫೋನ್ ಇಟ್ಟಳು.

ಮಾರನೇ ಬೆಳಿಗ್ಗೆ ಮೊದಲ ಬಸ್ಸಿಗೇ ಬಂದಿದ್ದಳು! ಡಬ್ಬಿ ತೆರೆದರೆ ಸೊಪ್ಪಿನ ಮೇಲೆ ಹುಳುಗಳೆಲ್ಲ ಪುಡಿ ಮೆತ್ತಿಕೊಂಡು ಬೆಳ್ಳಗೆ.

"ಏನಕ್ಕ ಇದು?"

"ಪುಡಿ ಸವರ್ಬೇಕು ಅಂದ್ಯಲ್ಲ. ರೋಗ ಬರ್ದಂಗೆ ನಮ್ ಹುಳಕ್ಕೆ ಉದುರ್ಸೋ ಸುಣ್ಣನೇ ಉದುರ್ಸಿವ್ನಿ."

"ಅಯ್ಯೋ, ಬಾಯಿ ಬೆಂದೋಗ್ತದೆ ಕಣಕ್ಕ!"

ಕಿರುಚಿಬಿಟ್ಟೆ. ಅಕ್ಕನ ಮುಖ ಸಣ್ಣದಾಯಿತು. ನನಗೆ ಕೂಡಲೇ ಬೇಜಾರಾಯಿತು. ಇಬ್ಬರೂ ಕೂತು ಸೊಪ್ಪನ್ನು ಒಂದೊಂದಾಗಿ ಬಿಡಿಸಿದೆವು. ಎಲೆಯ ಮಡಿಕೆಯೊಳಗೆ ಸುಣ್ಣ ತಾಗದ ಐದು ಹುಳು ಸಿಕ್ಕವು. ಐದೇ! ಅಕ್ಕ ಕೈ ತೊಳೆದು ಬಂದಳು. ಡಾಕ್ಟರ ಪುಡಿ ಸವರಿದ ಒಂದನ್ನು ಎರಡು ಬೆರಳಲ್ಲಿ ಹಿಡಿದು, ಕಣ್ಣು ಗಟ್ಟಿಯಾಗಿ ಮುಚ್ಚಿ, ಪೆಟ್ಟಿಗೆಯೊಳಗೆ ಚಾಚಿದಳು.

ಹಲ್ಲಿ ತಲೆ ಎತ್ತಿತು. ಬಾಲದ ತುದಿ ಅಲುಗಿತು. ನಾನು ಉಸಿರೇ ಬಿಡಲಿಲ್ಲ. ಗಬಕ್!

"ತಿಂತು ಕಣ್ಲಾ! ನನ್ ಕೈಯಿಂದ್ಲೇ ತಿಂತು!" ಅಕ್ಕ ಕೂಗಿದ ರಭಸಕ್ಕೆ ಪಕ್ಕದ ಮನೆಯವರು ಓಡಿ ಬಂದರು. ಎರಡು, ಮೂರು, ಐದೂ ಹೋದವು. ನಾನು ಕುಣಿದೇಬಿಟ್ಟೆ.

ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. ಖಾಲಿ ಡಬ್ಬಿಯನ್ನು ನಲ್ಲಿಯ ಕೆಳಗೆ ಹಿಡಿದು, ಸುಣ್ಣದ ಚೂರೂ ಉಳಿಯದಂತೆ ಉಜ್ಜಿ ತೊಳೆದಳು.

"ನಾಳೆನೂ ತತ್ತೀನಿ. ಅದ್ನ ಉಪವಾಸ ಕೆಡವ್ಬ್ಯಾಡ."