ಅನುಬಂಧಕ್ಕೆ ಹೋದ ಹುಡುಗಿ

ಕಿವುಡ ಮಕ್ಕಳ ಶಾಲೆಯ ಟೀಚರ್‌ಗೆ ಸ್ನಾತಕೋತ್ತರ ಪದವಿ ಕೈಗೆಟುಕುವಷ್ಟು ಹತ್ತಿರ ಬಂದಿತ್ತು. ಎರಡು ವರ್ಷದ ಕೋರ್ಸನ್ನು ಹೆಚ್ಚೆಂದರೆ ನಾಲ್ಕು ವರ್ಷದಲ್ಲಿ ಮುಗಿಸಬೇಕೆಂಬುದು ನಿಯಮ. ಅವರಿಗೆ ಇದು ನಾಲ್ಕನೆಯದು. ಲಿಖಿತ ಪರೀಕ್ಷೆಗಳೆಲ್ಲ ಮುಗಿದು, ತಮ್ಮ ಶಾಲೆಯ ಮಕ್ಕಳ ಮೇಲೆ ಬರೆದ ಪ್ರಬಂಧದ ಮೌಖಿಕ ಪರೀಕ್ಷೆಯೊಂದೇ ಬಾಕಿ ಇತ್ತು. “ನೀನು ಪಾಸಾಗೋದ್ರೊಳಗೆ ನಿನ್ನ ಮಗಳೇ ಕಾಲೇಜು ಮುಗಿಸ್ತಾಳೆ ಬಿಡಮ್ಮ” ಎಂದು ಅತ್ತೆ ಬೆಳಿಗ್ಗೆ ನಗಿಸಿ ಕಳಿಸಿದ್ದರು.

ಬೇರೆ ವಿಶ್ವವಿದ್ಯಾಲಯದಿಂದ ಬಂದಿದ್ದ ಪರೀಕ್ಷಕರು ಪ್ರಬಂಧದ ಪುಟ ತಿರುವುತ್ತ, ಒಬ್ಬ ಹುಡುಗಿಯ ವಿವರವಿದ್ದ ಪುಟದಲ್ಲಿ ನಿಲ್ಲಿಸಿದರು. ಮಾರ್ಗದರ್ಶಕಿ ಪಕ್ಕದಲ್ಲೇ ಕುಳಿತಿದ್ದರೂ ನಡುವೆ ಬಾಯಿ ಹಾಕುವಂತಿರಲಿಲ್ಲ.

“ಈ ಹುಡುಗಿ ಫಲಿತಾಂಶದಲ್ಲೇ ಇಲ್ಲ. ಅಧ್ಯಾಯದಲ್ಲಿ ಯಾಕಿದ್ದಾಳೆ ಮೇಡಂ?”

ಟೀಚರ್ ಆ ಪುಟದತ್ತ ನೋಡಿದರು. “ಅಧ್ಯಯನದ ಮಧ್ಯದಲ್ಲೇ ತೀರಿಕೊಂಡ್ಲು ಸರ್. ಅಂಕಿ-ಅಂಶದಿಂದ ತೆಗೆದೆ. ಅವಳ ಪುಟ ತೆಗೆಯೋಕೆ ಮಾತ್ರ ಕೈ ಬರಲಿಲ್ಲ.”

“ಹಾಗೆ ಬಿಡೋದು ತಪ್ಪು ಅಂತ ಗೊತ್ತಿತ್ತಾ?”

“ಗೊತ್ತಿತ್ತು ಸರ್.”

ಪರೀಕ್ಷಕರು ಕನ್ನಡಕ ತೆಗೆದು ನಿಧಾನವಾಗಿ ಒರೆಸಿದರು. “ಅಧ್ಯಾಯದಿಂದ ತೆಗೀಲೇಬೇಕು. ಆದ್ರೆ ಕೊನೇಲಿ ಅನುಬಂಧ ಅಂತ ಒಂದಿದೆಯಲ್ಲ, ಅಲ್ಲಿಗೆ ಹಾಕಿ. ಯಾರೂ ಬೇಡ ಅನ್ನಲ್ಲ. ಅಷ್ಟು ತಿದ್ದಿಕೊಟ್ರೆ ನೀವು ಪಾಸು.”

ಟೀಚರ್ ಅಂದು ಸಂಜೆಯೇ ಆ ಪುಟವನ್ನು ಪ್ರಬಂಧದ ಕೊನೆಗೆ ಸರಿಸಿದರು. ಅದರಲ್ಲಿ ಒಂದಕ್ಷರವನ್ನೂ ತಿದ್ದಲಿಲ್ಲ.