ಕ್ರಾಪ್ ಮಾಡಿದ ಕೈ

ನಿವೃತ್ತಿಗೆ ಎರಡು ವರ್ಷ ಬಾಕಿ ಇದ್ದಾಗ ನಾನು ಮಹದೇವಪುರದ ಒಂದು ಟೆಕ್ ಪಾರ್ಕಿನಲ್ಲಿ ತೋಟದ ಮೇಲ್ವಿಚಾರಕನಾಗಿದ್ದೆ. ಹನ್ನೊಂದು ಎಕರೆ ಹುಲ್ಲು ಮತ್ತು ಬೇಲಿಗಿಡ, ಹದಿನಾಲ್ಕು ಮಂದಿ ಕೆಲಸದವರು. ಕಾಫಿಗೆ ಹೊರಬಂದ ಯಾರಿಗಾದರೂ ಒಂದು ಜೇಡ ಕಂಡರೆ ಸಾಕು, ಮ್ಯಾನೇಜರರಿಗೆ ದೂರು ಹೋಗುತ್ತಿತ್ತು, ಅವರು ಇಡೀ ತೋಟಕ್ಕೆ ವಿಷ ಹೊಡೆಸುತ್ತಿದ್ದರು. ಇದನ್ನು ತಪ್ಪಿಸಲೆಂದು ನಾನೇ ಸಣ್ಣದನ್ನು ದೊಡ್ಡದಾಗಿ ತೋರಿಸುವ ಒಂದು ಮ್ಯಾಕ್ರೋ ಲೆನ್ಸ್ ಕೊಂಡು ಫೋನಿಗೆ ಸಿಕ್ಕಿಸಿಕೊಂಡೆ. ಜೇಡದ ಫೋಟೊ ತೆಗೆದು, ಕಣ್ಣುಗಳ ಸಾಲು ನೋಡಿ ಜಾತಿ ಗುರುತಿಸಿ, ‘ಅಪಾಯವಿಲ್ಲ’ ಎಂದು ಪಾರ್ಕಿನ ವಾಟ್ಸಾಪ್ ಗ್ರೂಪಿಗೆ ಹಾಕಿದರೆ ವಿಷದ ಕ್ಯಾನು ಗೋದಾಮಿನಲ್ಲೇ ಉಳಿಯುತ್ತಿತ್ತು. ಎಲ್ಲರೂ ನನ್ನನ್ನು ಜೇಡದ ಸಾಹೇಬ್ರು ಎನ್ನತೊಡಗಿದರು. ಸುಳ್ಳೇಕೆ ಹೇಳಲಿ, ನನಗದು ಇಷ್ಟವಾಗಿತ್ತು.

ಮಳೆಗಾಲ ಮುಗಿಯುತ್ತಿದ್ದ ದಿನಗಳು. ಬೇಲಿ ಕತ್ತರಿಸುವ ಶರಣಮ್ಮ ಒಂದು ಬೆಳಿಗ್ಗೆ ದಾಸವಾಳದ ಕಡ್ಡಿ ಹಿಡಿದು ಬಂದಳು. ಯಾದಗಿರಿ ಕಡೆಯವಳು, ಕಾಡುಗೋಡಿಯ ಬಾಡಿಗೆ ಕೋಣೆಯಲ್ಲಿ ಗಂಡನೊಂದಿಗೆ ಇದ್ದಳು. ಎಲೆಯ ಮೇಲೆ ಮೂರು ಮಿಲಿಮೀಟರಿನ ಜೇಡ ಕೂತಿತ್ತು.

“ಸಾಹೇಬ್ರ, ಇದೇ ಕಡದದ ನೋಡ್ರಿ. ಎರಡು ದಿನ ಆತು, ಜ್ವರ ಬರ್ಲಿಕತ್ತದ,” ಎಂದು ಬಳೆ ಮೇಲೆ ಸರಿಸಿ ಮಣಿಕಟ್ಟು ತೋರಿಸಿದಳು.

“ಕೈ ಅಲ್ಲಾಡಿಸ್ಬೇಡಮ್ಮ, ಜಿಗಿದ್ಬಿಡತ್ತೆ,” ಎಂದೆ.

ಈ ಲೆನ್ಸಿನಲ್ಲಿ ಕೂದಲೆಳೆಯಷ್ಟು ಆಳ ಮಾತ್ರ ಸ್ಪಷ್ಟವಾಗಿ ಕಾಣುತ್ತದೆ, ಹಿಂದಿನದೆಲ್ಲ ಮಸುಕು. ಉಸಿರು ಬಿಗಿಹಿಡಿದು ಇಪ್ಪತ್ತು ಫೋಟೊ ತೆಗೆದೆ. ಕೊನೆಯದರಲ್ಲಿ ಜೇಡ ತಿರುಗಿ ನೇರ ನನ್ನನ್ನೇ ನೋಡಿತು. ಜಿಗಿಯುವ ಜೇಡ, ಪಾಪದ ಪ್ರಾಣಿ. ಚಿತ್ರ ಚೆನ್ನಾಗಿ ಕಾಣಲೆಂದು ಅವಳ ಕೈ ಕಾಣದಂತೆ ಕ್ರಾಪ್ ಮಾಡಿ ಗ್ರೂಪಿಗೆ ಕಳಿಸಿದೆ.

“ಇದು ನಿಂಗೇನೂ ಮಾಡಿಲ್ಲ ಕಣಮ್ಮ. ಯಾವ ಹುಳಾನೂ ಕಚ್ಚಿಲ್ಲ. ಮಳೆ ಜ್ವರ, ಮಾತ್ರೆ ತಗೊಂಡು ಮಲಗು.”

ಆರು ದಿನಗಳ ನಂತರ ಅವಳ ಗಂಡ ಆಸ್ಪತ್ರೆಯಿಂದ ಫೋನ್ ಮಾಡಿದ. ಓಡಿದೆ. ಶರಣಮ್ಮ ಐಸಿಯುನಲ್ಲಿದ್ದಳು, ಪ್ರಜ್ಞೆ ಇರಲಿಲ್ಲ. ಡ್ಯೂಟಿಯಲ್ಲಿದ್ದ ವೈದ್ಯೆ ನನ್ನನ್ನು ಪಕ್ಕಕ್ಕೆ ಕರೆದರು.

“ಹುಳ ಕಚ್ಚಿಲ್ಲ ಅಂತ ಹೇಳಿದ್ದು ನೀವಾ ಸಾರ್?”

ಇಲ್ಲಿಗೆ ಬರುವ ಮುಂಚೆ ಎರಡು ಕ್ಲಿನಿಕ್ಕುಗಳಲ್ಲಿ ಹುಳ ಏನಾದರೂ ಕಚ್ಚಿತ್ತೇ ಎಂದು ಕೇಳಿದ್ದರಂತೆ. ಗಂಡ ಎರಡೂ ಕಡೆ ಹೇಳಿದ್ದ: “ಇಲ್ರಿ, ನಮ್ಮ ಸಾಹೇಬ್ರು ಫೋಟೊ ತಗದು ನೋಡ್ಯಾರ.” ಇಲ್ಲಿ ಬಳೆ ಬಿಚ್ಚಿದಾಗ ಮಣಿಕಟ್ಟಿನಲ್ಲಿ ಕಪ್ಪು ಹಕ್ಕಳೆ ಕಂಡಿತು. ಸ್ಕ್ರಬ್ ಟೈಫಸ್. ಪೊದೆಗಳಲ್ಲಿರುವ, ಕಣ್ಣಿಗೆ ಕಾಣದಷ್ಟು ಸಣ್ಣ ನುಸಿಯ ಮರಿ ಕಚ್ಚಿ ಬರುವ ಜ್ವರ. ಬೇಗ ಗೊತ್ತಾದರೆ ಸಾಧಾರಣ ಮಾತ್ರೆಗೆ ಬಗ್ಗುತ್ತದೆ.

ಹೊರಗೆ ಬೆಂಚಿನ ಮೇಲೆ ಕೂತು ಮೂಲ ಫೋಟೊ ತೆರೆದೆ. ಜೇಡದ ಹಿಂದೆ, ಮಸುಕಿನಲ್ಲಿ, ಆ ಕಪ್ಪು ಚುಕ್ಕೆ ಇತ್ತು. ಇಪ್ಪತ್ತು ಫೋಟೊಗಳಲ್ಲಿ ಹದಿನೇಳರಲ್ಲಿ ಇತ್ತು.

ಶರಣಮ್ಮ ಬದುಕಿದಳು. ಎರಡು ತಿಂಗಳ ನಂತರ ಕೆಲಸಕ್ಕೂ ಬಂದಳು, ಎಡಗಿವಿ ಮಾತ್ರ ಕೇಳಿಸುತ್ತಿರಲಿಲ್ಲ. ನಾನು ಬೇಲಿಗಿಡದ ಕೆಲಸದವರೆಲ್ಲರಿಗೂ ಉದ್ದ ತೋಳಿನ ಅಂಗಿ, ಗವಸು ತರಿಸಿದೆ. ಯಾರಾದರೂ ಹುಳ ತೋರಿಸಲು ಬಂದರೆ ಮೊದಲು ಅವರ ಮೈಕೈ ನೋಡುವುದನ್ನು ಕಲಿತೆ. ವೃತ್ತಿ ಕಲಿಸಿದ ಪಾಠ ಅದು, ಫೀಸು ಕಟ್ಟಿದವಳು ಬೇರೆ. ಈಗಲೂ ಕಣ್ಣು ಮುಚ್ಚಿದರೆ ಜೇಡ ಕಾಣುವುದಿಲ್ಲ, ಆ ಚುಕ್ಕೆಯೇ ಎದುರಿಗೆ ಬಂದು ನಿಲ್ಲುತ್ತದೆ.

ನಿವೃತ್ತಿಯ ದಿನ ಎಲ್ಲವನ್ನೂ ಅವಳಿಗೆ ಹೇಳಬೇಕೆಂದು ಹೋದೆ. ಅವಳು ಕೂತು ಕಳೆ ಕೀಳುತ್ತಿದ್ದಳು. ಮುಖ ನೋಡುವ ಧೈರ್ಯವಿಲ್ಲದೆ ಅವಳ ಎಡಪಕ್ಕದಲ್ಲಿ ನಿಂತೇ ಫೋಟೊ, ಕೈ, ನನ್ನ ತಪ್ಪು, ಎಲ್ಲ ಹೇಳಿ ಮುಗಿಸಿದೆ. ಅವಳು ಕಳೆ ಕೀಳುತ್ತಲೇ ಇದ್ದಳು. ನನ್ನ ನೆರಳು ಕಂಡಾಗ ತಿರುಗಿ, ನಗುತ್ತಾ ಬಲಗಿವಿಯನ್ನು ನನ್ನ ಕಡೆ ಮಾಡಿದಳು.

“ಏನಾರ ಅಂದ್ರೇನ್ರಿ ಸಾಹೇಬ್ರ?”

“ಏನಿಲ್ಲಮ್ಮ, ಹೋಗಿ ಬರ್ತೀನಿ,” ಎಂದೆ.